ಕಾರಿನ ಎಸಿ ಗ್ಯಾಸ್ ಎಲ್ಲಿಗೆ ಹೋಗುತ್ತದೆ?

‘ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು’ ಎಂಬ ಮಾತು ಕಾರಿನವರಲ್ಲಿ ಬೇರೂರಿದೆ. ಆದರೆ ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವಂಥದ್ದಲ್ಲ. ಸುಮಾರು ಅರ್ಧ ಕಿಲೋ ಗ್ಯಾಸ್ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸ್‌ಗಳಿಂದ ಅಲ್ಪಸ್ವಲ್ಪ ಜಿನುಗುವುದುಂಟು. ಆದರೆ ವರ್ಷವರ್ಷವೂ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ನಮ್ಮ ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ, ಬಯಲಿನಲ್ಲಿಟ್ಟರೆ ಮೈನಸ್ 26 ಡಿಗ್ರಿಯಲ್ಲೇ ಕುದಿಯುವ ದ್ರವ. ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡ ಬಯಲಿಗಿಂತ ಹೆಚ್ಚು, ಹಾಗಾಗಿ ಅಲ್ಲಿ ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಒಳಗಿನ ಗಾಳಿಯಿಂದಲೇ ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಅದುಮಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರ್‌ಗೆ ತಳ್ಳುತ್ತದೆ. ಅಲ್ಲಿ ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ.

ಹಾಗಾಗಿ ತಂಪು ಕಡಿಮೆಯಾದಾಗ ಮೊದಲು ಗಾಳಿಯ ದಾರಿ ನೋಡಬೇಕು. ಅನೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಕ್ಯಾಬಿನ್ ಫಿಲ್ಟರ್ ಇರುತ್ತದೆ. ಧೂಳು, ಒಣಗಿದ ಎಲೆ ಕಟ್ಟಿಕೊಂಡಿದ್ದರೆ ಬದಲಿಸಿ. ಎಂಜಿನ್ ಆರಿದ ಮೇಲೆ ಕಂಡೆನ್ಸರ್‌ನ ಮೇಲಿನ ಮಣ್ಣು, ಹುಳುಗಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾಗಿ ನೀರು ಹೊಡೆದರೆ ಅದರ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಅಂದಹಾಗೆ, ಎಸಿ ಓಡುವಾಗ ಕಾರಿನಡಿ ತೊಟ್ಟಿಕ್ಕುವ ನೀರಿಗೆ ಗಾಬರಿ ಬೇಡ. ಅದು ಗಾಳಿಯಲ್ಲಿದ್ದ ತೇವ.

ಗ್ಯಾಸ್ ಕಣ್ಣಿಗೆ ಕಾಣದಿದ್ದರೂ ಸೋರಿಕೆ ಗುರುತು ಬಿಡುತ್ತದೆ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ. ಪೈಪಿನ ಜೋಡಣೆಯಲ್ಲಿ ಓ-ರಿಂಗ್ ಸವೆದಿದ್ದರೆ ಅಲ್ಲಿ ಎಣ್ಣೆ ಒಸರಿ, ಧೂಳು ಮೆತ್ತಿ, ಜಿಡ್ಡಿನ ಕಪ್ಪು ಕಲೆ ಕಟ್ಟುತ್ತದೆ. ಕಲ್ಲೇಟು ತಿಂದ ಕಂಡೆನ್ಸರ್ ಮೇಲೂ ಇಂಥದೇ ಕಲೆ. ಟಾರ್ಚ್ ಹಿಡಿದು ಹುಡುಕಿದರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ಇಲ್ಲಿಂದ ಮುಂದಿನದು ಮನೆಯ ಕೆಲಸವಲ್ಲ. ಪೈಪ್ ಬಿಚ್ಚಿದರೆ ಚಿಮ್ಮುವ ಗ್ಯಾಸ್ ಚರ್ಮವನ್ನು, ಕಣ್ಣನ್ನು ಹೆಪ್ಪುಗಟ್ಟಿಸಬಲ್ಲದು. ಗಾಳಿಗೆ ಬಿಟ್ಟ ಒಂದು ಕಿಲೋ ಆರ್-134ಎ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದು ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ನಷ್ಟು. ಅದನ್ನು ಯಂತ್ರದಿಂದ ಹೀರಿ ತೆಗೆಯಬೇಕು.

ದುರಸ್ತಿಯ ನಂತರ ವ್ಯಾಕ್ಯೂಮ್ ಎಳೆಯುವ ಹಂತವನ್ನು ಅವಸರದಲ್ಲಿ ಬಿಡುವವರಿದ್ದಾರೆ. ಅದು ದೊಡ್ಡ ತಪ್ಪು. ಕೊಳವೆಯೊಳಗಿನ ಒತ್ತಡ ಹೊರಗಿನದರ ಮೂವತ್ತನೇ ಒಂದು ಪಾಲಿಗಿಂತ ಕೆಳಗಿಳಿದರೆ ನೀರು 25 ಡಿಗ್ರಿಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ತೇವ ಒಳಗುಳಿದರೆ, ದ್ರವದ ಒತ್ತಡ ಇಳಿಸುವ ಎಕ್ಸ್‌ಪಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ, ಆಮ್ಲ ಹುಟ್ಟಿಸಿ ಲೋಹ ತಿನ್ನುತ್ತದೆ.

ಎಷ್ಟು ಗ್ರಾಂ ಗ್ಯಾಸ್ ಬೇಕೆಂದು ಸಾಮಾನ್ಯವಾಗಿ ಬಾನೆಟ್ ಅಡಿಯ ಚೀಟಿಯಲ್ಲೇ ಬರೆದಿರುತ್ತದೆ. ಮೆಕ್ಯಾನಿಕ್ ತೂಕ ಮಾಡಿ ಅಷ್ಟನ್ನೇ ತುಂಬಲಿ; ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ.