ಮೋಟಾರಿನಲ್ಲಿ ಹಸ್ತಸಂಜ್ಞೆ

ಶಿಶುವು ಮಾತು ಕಲಿಯುವುದಕ್ಕೆ ಮುಂಚೆಯೇ ಬೆರಳು ಚಾಚಿ ತನಗೆ ಬೇಕಾದುದನ್ನು ತೋರಿಸುವುದೆಂಬುದನ್ನು ತಾಯಂದಿರೆಲ್ಲರೂ ಬಲ್ಲರು. ಮೋಟಾರು ನಡೆಸುವವರಿಗೂ ಕೈಸನ್ನೆ ಹೊಸದಲ್ಲ. ಸೂಚಕದೀಪಗಳು ಬಳಕೆಗೆ ಬರುವ ಮೊದಲು ಬಲಗೈಯನ್ನು ಕಿಟಕಿಯಿಂದ ಹೊರಕ್ಕೆ ಚಾಚಿ, ತಿರುಗುವುದನ್ನೂ ನಿಲ್ಲುವುದನ್ನೂ ಹಿಂದೆ ಬರುವವರಿಗೆ ತಿಳಿಸುತ್ತಿದ್ದರಷ್ಟೆ. ಅಂದು ಹೊರಗಿನ ಮನುಷ್ಯನಿಗಾಗಿ ಇದ್ದ ಸನ್ನೆಯು ಇಂದು ಗಾಡಿಯ ಒಳಗಿನ ಯಂತ್ರಕ್ಕಾಗಿ ಬಂದಿದೆ. ಅಂಗೈಯಗಲದ ಗಣಕಯಂತ್ರವೊಂದನ್ನು ಮೋಟಾರಿನಲ್ಲಿ ಕೂಡಿಸಿ, ಕೈಯಾಡಿಸಿದ ಮಾತ್ರದಿಂದ ಹಾಡು ನಿಲ್ಲುವಂತೆಯೂ ದಾರಿಯ ನಕ್ಷೆ ತೆರೆಯುವಂತೆಯೂ ಮಾಡಿಕೊಳ್ಳುವುದು ಈಗ ಯಂತ್ರಾಸಕ್ತ ತರುಣರಿಗೆ ಸಾಧ್ಯವಾಗಿದೆ. ಇದು ಗೃಹಸ್ಥನಿಗೆ ಉಪಕಾರವೋ ಅಪಕಾರವೋ ಎಂಬುದನ್ನು ಇಲ್ಲಿ ವಿಚಾರಿಸೋಣ.

ನಾವು ವಾಸಿಸುವ ಮುಧೋಳವು ಬೇಟೆನಾಯಿಗಳಿಂದ ಹೆಸರಾದ ಬಾಗಲಕೋಟೆ ಜಿಲ್ಲೆಯ ಮುಧೋಳವಲ್ಲ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನದು, ತೆಲಂಗಾಣದ ಗಡಿಗೆ ಸಮೀಪದ್ದು. ಸೇಡಂ, ಮಳಖೇಡ, ವಾಡಿಗಳ ಕಡೆಗೆ ಹೋಗುವ ಹಾದಿಗಳಲ್ಲಿ ಸಿಮೆಂಟಿನ ಲಾರಿಗಳೂ ಶಹಾಬಾದಿನ ಹಾಸುಗಲ್ಲು ಹೊತ್ತ ಗಾಡಿಗಳೂ ಸಂಚರಿಸುತ್ತವೆ. ಅದೇ ಹಾದಿಯ ಅಂಚಿನಲ್ಲಿ ದನಕರುಗಳೂ ಶಾಲೆಯ ಮಕ್ಕಳೂ ನಡೆಯುತ್ತಾರೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಮೋಟಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದರಿಯುತ್ತದೆ. ಹಾಡಿನ ಗುಂಡಿಯನ್ನು ಹುಡುಕುತ್ತ ಎರಡು ಸೆಕೆಂಡು ಕಣ್ಣನ್ನು ಕೆಳಗಿಳಿಸಿದರೆ 33 ಮೀಟರು ದಾರಿಯನ್ನು ಕುರುಡನಂತೆ ಕ್ರಮಿಸಿದ ಹಾಗಾಯಿತು. ಒಂದು ಮಗು ದಾರಿಗೆ ಅಡ್ಡ ಬರುವುದಕ್ಕೆ ಅಷ್ಟು ಕಾಲ ಧಾರಾಳವಾಗಿ ಸಾಕು. ಆದಕಾರಣ ಈ ಯಂತ್ರದ ಗುಣದೋಷವನ್ನು ಅಳೆಯತಕ್ಕ ಮಾನದಂಡವು ಒಂದೇ: ಅದು ಚಾಲಕನ ಕಣ್ಣನ್ನು ರಸ್ತೆಯ ಮೇಲೆ ಉಳಿಸುವುದೋ, ಕೀಳುವುದೋ?

ಗಾಳಿಯಲ್ಲಿ ಕೈಯಾಡಿಸಿ ಯಂತ್ರವನ್ನು ನಡೆಸುವ ಕಲ್ಪನೆ ನೂರು ವರ್ಷಕ್ಕೂ ಹಳೆಯದು. 1920ರ ಸುಮಾರಿನಲ್ಲಿ ರಷ್ಯಾ ದೇಶದ ಲಿಯೋನ್ ಥೆರೆಮಿನ್ ಎಂಬ ವಿಜ್ಞಾನಿಯು, ಮುಟ್ಟದೆಯೇ ನುಡಿಸುವ ವಾದ್ಯವೊಂದನ್ನು ರಚಿಸಿದನು. ಕೈಯನ್ನು ಸರಳಿನ ಹತ್ತಿರಕ್ಕೆ ತಂದರೆ ಸ್ವರವು ಏರುತ್ತಿದ್ದಿತು, ದೂರ ಒಯ್ದರೆ ಇಳಿಯುತ್ತಿದ್ದಿತು. 2015ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಸಂಸ್ಥೆಯವರು ತಮ್ಮ 7ನೆಯ ಶ್ರೇಣಿಯ ಮೋಟಾರುಗಳಲ್ಲಿ, ಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ ಧ್ವನಿ ಹೆಚ್ಚುಕಡಿಮೆಯಾಗುವ ಏರ್ಪಾಡನ್ನು ತಂದರು. ಇತ್ತೀಚಿನ ಕೆಲವು ಮಾದರಿಗಳಲ್ಲಿ ಅವರೇ ಅದನ್ನು ಕೈಬಿಟ್ಟಿದ್ದಾರೆಂಬುದು ವಿಚಾರಾರ್ಹವಾದ ಸಂಗತಿ.

ನಮ್ಮ ಕರ್ನಾಟಕವೂ ಈ ಚರಿತ್ರೆಯಲ್ಲಿ ಹಿಂದುಳಿದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕೆಲವರು ಎನ್ಕೋರ್ ಎಂಬ ಸಂಸ್ಥೆಯವರೊಡಗೂಡಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ರೂಪಿಸಿದರು; ಅದಕ್ಕಾಗಿ 1999ರಲ್ಲಿ ಒಂದು ಧರ್ಮದರ್ಶಿ ಮಂಡಲಿಯನ್ನೂ ಸ್ಥಾಪಿಸಿದರು. ಹೆಚ್ಚು ಓದುಬರಹ ಬಾರದ ಹಳ್ಳಿಯ ಜನಕ್ಕೂ ಗಣಕಯಂತ್ರವು ದೊರೆಯಬೇಕೆಂಬುದು ಅವರ ಉದ್ದೇಶವಾಗಿದ್ದಿತು. ‘ಅಮಿಡ’ ಎಂಬ ಹೆಸರಿನ ಸಿಂಪ್ಯೂಟರು 2004ರಲ್ಲಿ ಮಾರಾಟಕ್ಕೆ ಬಂದಿತು. ಅದರೊಳಗೆ ಚಲನೆಯನ್ನು ಅರಿಯುವ ಒಂದು ಅಂಗವಿದ್ದು, ಯಂತ್ರವನ್ನು ಕೈಯಲ್ಲಿ ಓರೆಮಾಡಿದರೆ ಪುಟವು ಮಗುಚುತ್ತಿದ್ದಿತು. ಅದು ಬಹುಕಾಲ ಪೇಟೆಯಲ್ಲಿ ನಿಲ್ಲಲಿಲ್ಲವಾದರೂ, ಕೈಯ ಚಲನೆಯನ್ನೇ ಅಪ್ಪಣೆಯಾಗಿ ಗ್ರಹಿಸುವ ಪುಟ್ಟ ಗಣಕವು ನಮ್ಮ ನಾಡಿನಲ್ಲಿಯೇ ಹುಟ್ಟಿತ್ತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಈಗ ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವುದು 2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ‘ರಾಸ್ಪ್‌ಬೆರಿ ಪೈ’ ಎಂಬ ಗಣಕದ ಹಲಗೆಯನ್ನು. ಅದರ ಸಾಮಾನ್ಯ ಮಾದರಿಯ ಉದ್ದ ಸುಮಾರು 85 ಮಿಲಿಮೀಟರು, ಅಗಲ 56. ಇದಕ್ಕೆ ಬೆರಳುಗುರಿನಷ್ಟು ಗಾತ್ರದ ಸಂಜ್ಞಾಗ್ರಾಹಿಯೊಂದನ್ನು ಜೋಡಿಸುತ್ತಾರೆ. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುತ್ತದೆ. ಕೈಗೆ ತಾಗಿ ಹಿಂದಿರುಗಿದ ಬೆಳಕನ್ನು ನಾಲ್ಕು ದಿಕ್ಕಿನ ನಾಲ್ಕು ಪುಟ್ಟ ಕಣ್ಣುಗಳು ನೋಡುತ್ತವೆ. ಎಡಗಣ್ಣು ಮೊದಲು ಕಂಡು ಬಲಗಣ್ಣು ತರುವಾಯ ಕಂಡರೆ, ಕೈಯು ಎಡದಿಂದ ಬಲಕ್ಕೆ ಸರಿಯಿತೆಂದು ಗಣಕವು ನಿರ್ಣಯಿಸುತ್ತದೆ. ಕೆಲವೇ ಅಂಗುಲಗಳ ದೂರದವರೆಗೆ ಮಾತ್ರ ಇದಕ್ಕೆ ದೃಷ್ಟಿಯುಂಟು.

ಇಲ್ಲಿ ನಮ್ಮ ತರ್ಕಶಾಸ್ತ್ರದ ಒಂದು ಪಾಠವು ಚೆನ್ನಾಗಿ ಒದಗುತ್ತದೆ. ಯಾವುದೇ ಲಕ್ಷಣವನ್ನು ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ ಎಂಬ ದೋಷಗಳು ಇರಬಾರದೆಂದು ನೈಯಾಯಿಕರು ವಿಧಿಸಿದ್ದಾರೆ. ಚಾಲಕನು ಸನ್ನೆ ಮಾಡಿದರೂ ಯಂತ್ರವು ತಿಳಿಯದಿದ್ದರೆ ಅದು ಅವ್ಯಾಪ್ತಿ. ಅವನು ನೊಣವನ್ನು ಅಟ್ಟಿದರೆ, ಇಲ್ಲವೆ ಮಾತನಾಡುತ್ತ ಕೈ ತಿರುವಿದರೆ, ಯಂತ್ರವು ಅದನ್ನೂ ಅಪ್ಪಣೆಯೆಂದು ಭಾವಿಸಿದಲ್ಲಿ ಅತಿವ್ಯಾಪ್ತಿ. ಮೊದಲನೆಯದರಿಂದ ಚಾಲಕನು ಮರಳಿ ಮರಳಿ ಕೈಯಾಡಿಸಿ ಬೇಸರಗೊಳ್ಳುವನು; ಎರಡನೆಯದರಿಂದ ಬೆಚ್ಚಿಬೀಳುವನು. ಭರತನ ನಾಟ್ಯಶಾಸ್ತ್ರದಲ್ಲಿ ಒಂಟಿಗೈಯ ಹಸ್ತಗಳೇ 24 ಇವೆ. ಆದರೆ ನಟನ ಹಸ್ತಗಳನ್ನು ಸಭಿಕರು ಕಣ್ಣಿಟ್ಟು ನೋಡುತ್ತಾರೆ, ನಟನಿಗೂ ಆಗ ಬೇರೆ ಕಾರ್ಯವಿಲ್ಲ. ಮೋಟಾರಿನಲ್ಲಾದರೆ ಮೂರು ನಾಲ್ಕು ಸನ್ನೆಗಳಿಗೆ ಮೀರಬಾರದು. ಅವು ಪರಸ್ಪರ ಸ್ಪಷ್ಟವಾಗಿ ಭಿನ್ನವಾಗಿರಬೇಕು.

ಇನ್ನೊಂದು ಸೂಕ್ಷ್ಮವುಂಟು. ಹಳೆಯ ತಿರುಗುಗುಂಡಿಯನ್ನು ಬೆರಳು ತಾನಾಗಿ ಮುಟ್ಟಿ ಗುರುತಿಸುತ್ತದೆ; ತಿರುಗಿಸಿದುದು ಸ್ಪರ್ಶದಿಂದಲೇ ತಿಳಿಯುತ್ತದೆ. ಗಾಳಿಯಾದರೋ ಮರುತ್ತರ ಕೊಡುವುದಿಲ್ಲ. ಅಪ್ಪಣೆಯು ಸಂದಿತೋ ಇಲ್ಲವೋ ಎಂದು ಚಾಲಕನು ಪರದೆಯತ್ತ ನೋಡಿದರೆ, ಉಳಿಸಬೇಕೆಂದಿದ್ದ ನೋಟವು ಅಲ್ಲಿಯೇ ನಷ್ಟವಾಯಿತು. ಆದಕಾರಣ ಪ್ರತಿಯೊಂದು ಸನ್ನೆಗೂ ಯಂತ್ರವು ಒಂದು ಕಿರುದನಿಯಿಂದ ಉತ್ತರ ಕೊಡುವಂತೆ ರಚಿಸುವುದು ಅವಶ್ಯ. ಧ್ವನಿ ತಗ್ಗಿಸುವಂಥ, ಸ್ಪರ್ಶದಿಂದ ಆಗುವ ಕೆಲಸವನ್ನು ಗುಂಡಿಗೇ ಬಿಡುವುದು ಮೇಲು.

ಕೂಡಿಸಲು ಹೊರಟವರು ಗಮನಿಸತಕ್ಕ ಸಂಗತಿಗಳು ಇನ್ನೂ ಕೆಲವಿವೆ. ಮೋಟಾರಿನ ವಿದ್ಯುತ್ಕೋಶವು 12 ವೋಲ್ಟಿನದು. ಎಂಜಿನು ನಡೆಯುವಾಗ ಅದು 14ರ ಸಮೀಪಕ್ಕೆ ಏರುತ್ತದೆ. ಗಣಕಕ್ಕೆ ಬೇಕಾದುದು 5 ವೋಲ್ಟು. ಆದುದರಿಂದ ಮೋಟಾರಿಗೆಂದೇ ಮಾಡಿದ ಪರಿವರ್ತಕವನ್ನು ನಡುವೆ ಇಡಬೇಕು; ಕೋಶದ ಬಳಿಯಲ್ಲಿಯೇ ಫ್ಯೂಜು ಇರಬೇಕು. ಫ್ಯೂಜು ಇಲ್ಲದ ತಂತಿಯು ಉಜ್ಜಿ ಸವೆದರೆ ಬೆಂಕಿಗೆ ಕಾರಣವಾಗುತ್ತದೆ. ಬೀಗ ತಿರುಗಿಸಿದೊಡನೆ ವಿದ್ಯುತ್ತು ಥಟ್ಟನೆ ಕಡಿದರೆ ಗಣಕದ ನೆನಪಿನ ಬಿಲ್ಲೆಯು ಕೆಡುವ ಸಂಭವವುಂಟು. ಕ್ರಮವಾಗಿ ಮುಚ್ಚಿಕೊಳ್ಳಲು ಅದಕ್ಕೆ ತುಸು ಕಾಲ ಕೊಡುವ ಏರ್ಪಾಡಿರಲಿ. ನಮ್ಮ ಸೀಮೆಯ ಬೇಸಗೆಯಲ್ಲಿ ಬಿಸಿಲು 42 ಡಿಗ್ರಿಯನ್ನು ಮುಟ್ಟುವುದು ಅಪೂರ್ವವಲ್ಲ. ಮುಚ್ಚಿ ನಿಲ್ಲಿಸಿದ ಮೋಟಾರಿನೊಳಗೆ ತಾಪವು ಇನ್ನೂ ಬಹಳ ಹೆಚ್ಚು. ಆದಕಾರಣ ಗಣಕವನ್ನು ಗಾಜಿನ ಕೆಳಗಿನ ಹಲಗೆಯ ಮೇಲೆ ಇಡದೆ ನೆರಳಿನಲ್ಲಿ ಗಾಳಿಯಾಡುವ ಕಡೆ ಕೂಡಿಸಬೇಕು. ಬಿಸಿಲಿನಲ್ಲಿಯೂ ಅವಕೆಂಪು ಬೆಳಕು ತುಂಬಿರುವುದರಿಂದ ಸಂಜ್ಞಾಗ್ರಾಹಿಗೆ ಒಂದು ಮರೆ ಅವಶ್ಯ. ಸಿಮೆಂಟಿನ ಧೂಳನ್ನು ಅದರ ಮೇಲಿಂದ ಆಗಾಗ ಒರಸುತ್ತಿರಬೇಕು. ಅಪಘಾತದಲ್ಲಿ ಗಾಳಿಚೀಲವು ಬಿಚ್ಚಿಕೊಳ್ಳುವ ಸ್ಥಳದಲ್ಲಿ ಯಾವ ವಸ್ತುವನ್ನೂ ಅಂಟಿಸಕೂಡದು. ಅನುಭವಿಯಾದ ವಿದ್ಯುತ್ ಕೆಲಸಗಾರನನ್ನು ಕೇಳದೆ ಗಾಡಿಯ ಮೂಲ ತಂತಿಗಳಿಗೆ ಕೈಹಾಕುವುದೂ ಬೇಡ.

ಮೋಟಾರು ವಾಹನಗಳ ಕಾಯಿದೆಯು 2019ರ ತಿದ್ದುಪಡಿಯ ತರುವಾಯ, ಗಾಡಿ ನಡೆಸುವಾಗ ಕೈಯಲ್ಲಿ ಹಿಡಿದ ದೂರವಾಣಿಯನ್ನು ಬಳಸುವುದನ್ನು ಅಪಾಯಕರ ಚಾಲನೆಯೊಳಗೆ ಸ್ಪಷ್ಟವಾಗಿ ಸೇರಿಸಿದೆ. ಕೈಯಲ್ಲಿ ಹಿಡಿಯಲಿಲ್ಲವೆಂಬ ಮಾತ್ರದಿಂದ ಸನ್ನೆಯ ಯಂತ್ರವು ನಿರಪಾಯವೆಂದು ಎಣಿಸಬಾರದು. ಮನಸ್ಸು ಬೇರೆಡೆಗೆ ಹರಿದರೆ ಕೈ ಬರಿದಾಗಿದ್ದೂ ಫಲವಿಲ್ಲ.

ಹೀಗಿದ್ದರೂ ತರುಣರ ಉತ್ಸಾಹವನ್ನು ಮುರಿಯಬೇಕೆಂದು ನಾವು ಹೇಳುವುದಿಲ್ಲ. ತಾನೇ ಜೋಡಿಸಿ ಕಲಿತ ವಿದ್ಯೆಯು ಕೊಂಡುತಂದ ಸಾಮಗ್ರಿಗಿಂತ ಹಿರಿದು. ಮೇಲಾಗಿ ಕನ್ನಡ, ತೆಲುಗು, ದಖ್ಖನಿಗಳು ಒಂದೇ ಮಾತಿನಲ್ಲಿ ಕಲೆಯುವ ನಮ್ಮ ಗಡಿನಾಡಿನಲ್ಲಿ, ಭಾಷೆಯ ಹಂಗಿಲ್ಲದ ಸನ್ನೆಗೆ ಒಂದು ಸೌಕರ್ಯವೂ ಉಂಟು. ಆದರೆ ಮೊದಲು ನಿಂತ ಗಾಡಿಯಲ್ಲಿ ದಿನಗಟ್ಟಲೆ ಅಭ್ಯಾಸವಾಗಲಿ. ತರುವಾಯ ಜನಸಂಚಾರವಿಲ್ಲದ ಬಯಲಿನಲ್ಲಿ, ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು, ಚಾಲಕನ ಕಣ್ಣು ಎಷ್ಟು ಬಾರಿ ಪರದೆಗೆ ಹೋಯಿತೆಂದು ಎಣಿಸಲಿ. ಮೊದಲಿಗಿಂತ ಲೆಕ್ಕವು ಇಳಿದರೆ ಯಂತ್ರವು ಗಾಡಿಯಲ್ಲಿ ಇರಲಿ. ಏರಿದರೆ ಬಿಚ್ಚಿ ಮನೆಯ ಮೇಜಿನ ಮೇಲೆ ಇಡಲಿ, ಅಲ್ಲಿಯೂ ಅದರಿಂದ ಕಲಿಯುವುದು ಬೇಕಾದಷ್ಟಿದೆ. ಮನೆಮಂದಿಯು ಜೊತೆಯಲ್ಲಿರುವಾಗಲಂತೂ ಹಾಡನ್ನು ಬದಲಿಸುವ ಕೆಲಸವನ್ನು ಅವರಿಗೇ ವಹಿಸಿದರೆ ಸಾಕು.