ಅವ್ವನ ಹಿತ್ತಲ, ಅಕ್ಕನ ಕಿಟಕಿ

ಮಾರ್ಚ್ ಬಂತಂದ್ರೆ ವಿಡಿಯೋ ಕಾಲ್‌ನಲ್ಲಿ ಅಕ್ಕ ಕಾಣೋದು ಕಡಿಮೆ, ಟೊಮೆಟೊ ಸಸಿ ಕಾಣೋದೇ ಜಾಸ್ತಿ. ಅಕ್ಕ ಇರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಅಲ್ಲಿ ಮೇ ತಿಂಗಳಲ್ಲೂ ಒಮ್ಮೊಮ್ಮೆ ರಾತ್ರಿ ಹಿಮ ಬಿದ್ದು ಎಳೆ ಸಸಿ ಕರಗಿ ಹೋಗ್ತವೆ. ಅದಕ್ಕೇ ಬೀಜವನ್ನು ಕಿಟಕಿ ಪಕ್ಕದ ಕುಂಡದಲ್ಲಿ ಹಾಕಿ, ಚಳಿ ಕಳೆದ ಮೇಲೆ ಹೊರಗೆ ಹಚ್ಚುತ್ತಾರೆ.

‘ನಾವು ಇಲ್ಲಿ ಮಾರ್ಚದಾಗ ಗಿಡಕ್ಕ ನೆರಳು ಹುಡುಕ್ತೀವಿ, ನೀ ಅಲ್ಲಿ ಬಿಸಲು ಹುಡುಕ್ತೀಯಲ್ಲ ಯವ್ವಾ!’ ಅಂತ ಅವ್ವ ನಗ್ತಾಳೆ.

ಅಲ್ಲಿ ಮನೆಗೆ ಅಂಟಿಕೊಂಡ ಜಾಗ ಇಲ್ಲದವರು ಊರಿನ ಆಡಳಿತದಿಂದ ತುಂಡು ಭೂಮಿ ಬಾಡಿಗೆಗೆ ಪಡೀತಾರೆ. ಅಲಾಟ್‌ಮೆಂಟ್ ಅಂತಾರೆ. 1908ರ ಕಾನೂನೇ ಇದೆ. ಪೂರ್ತಿ ತುಂಡು ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಎರಡನೇ ಮಹಾಯುದ್ಧದಲ್ಲಿ ಸರ್ಕಾರವೇ ಹೂದೋಟ ಅಗೆದು ಕಾಯಿಪಲ್ಲೆ ಬೆಳೀರಿ ಅಂದಿತ್ತು. ಆಲೂಗಡ್ಡೆ, ಕ್ಯಾಬೇಜ್ ಇದ್ದ ಮಡಿಗಳಲ್ಲಿ ಈಗ ಮೆಂತೆ, ಕೊತ್ತಂಬರಿಯೂ ಇವೆ. ಮೆಣಸಿನಗಿಡಕ್ಕೆ ಮಾತ್ರ ಗಾಜಿನ ಮನೆ ಬೇಕು, ಪಾಪ.

ನಮ್ಮೂರು ಮೂಡಲಗಿ ತಾಲೂಕಿನಲ್ಲಿ, ಘಟಪ್ರಭಾ ದಂಡೆಗೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬೇಲಿಗೆ ಹೀರೆಬಳ್ಳಿ. ಮುಂಗಾರಿಗೆ ಪುಂಡಿಪಲ್ಲೆ, ಚವಳಿಕಾಯಿ. ಚಳಿಗಾಲಕ್ಕೆ ಮೆಂತೆ, ಅವರೆ, ಮೂಲಂಗಿ. ರಾಜಗಿರಿಗೆ ಕಾಲವೇ ಬೇಡ. ಮೆಂತೆ ತಿಂಗಳೊಳಗೇ ಕೈಗೆ ಬರುತ್ತೆ, ರೊಟ್ಟಿ ಜೊತೆ ಹಸಿಯಾಗೇ ತಿನ್ನೋದು. ಕಬ್ಬು ಬಂದ ಮೇಲೆ ಹೊಲದಲ್ಲಿ ಜೋಳದ ಜೊತೆಗಿನ ಅಕ್ಕಡಿ ಸಾಲು ಹೋಯ್ತು. ಬಳ್ಳಿ, ಪಲ್ಲೆ ಉಳಿದದ್ದು ಹಿತ್ತಲದಲ್ಲೇ.

2019ರ ಆಗಸ್ಟ್‌ನಲ್ಲಿ ಅದೂ ಹೋಯ್ತು. ಹೊಳೆ ಮನೆಯೊಳಗೆ ಬಂತು. ನಾನು ಬೆಂಗಳೂರಿನಿಂದ ತಲುಪಿದಾಗ ಹಿತ್ತಲದಲ್ಲಿ ಮೊಣಕಾಲುದ್ದ ರಾಡಿ. ಟಿವಿ, ತಿಜೋರಿ ಬಗ್ಗೆ ಅವ್ವ ಒಂದು ಮಾತಾಡಲಿಲ್ಲ. ಬೂದಿ ಕಲಸಿ ಬೀಜ ಇಟ್ಟಿದ್ದ ಗಡಿಗೆ ಹುಡುಕ್ತಿದ್ದಳು. ಆ ಹೀರೆಬೀಜ ಅವಳ ತವರಿನದು. ನಾನೋ, ‘ಆನ್‌ಲೈನ್‌ನಲ್ಲಿ ತರಿಸ್ತೀನಿ ಬಿಡವ್ವ’ ಅಂದೆ. ತರಿಸಿದೆ ಕೂಡ. ಹೈಬ್ರಿಡ್, ಕಾಯಿ ಚೆನ್ನಾಗೇ ಬಿಟ್ಟವು. ಮರುವರ್ಷ ಅದೇ ಬೀಜ ಹಾಕಿದ್ರೆ ಒಂದೊಂದು ಬಳ್ಳಿ ಒಂದೊಂದು ಥರ.

ಕೊನೆಗೆ ಸಿಕ್ಕಿದ್ದು ಹುಕ್ಕೇರಿಯಲ್ಲಿ, ಚಿಕ್ಕವ್ವನ ಮನೆಯಲ್ಲಿ. ಹಿಂದೆಂದೋ ಪಂಚಮಿಗೆ ಬಂದಾಗ ಅವ್ವನೇ ಸೆರಗಿಗೆ ಕಟ್ಟಿ ಕಳಿಸಿದ್ದಂತೆ. ‘ನಿಂದು ನಿನಗ ತುಗೋ ಅಕ್ಕಾ’ ಅಂತ ಚಿಕ್ಕವ್ವ ಒಣಗಿದ ಕಾಯಿಯನ್ನೇ ಕೊಟ್ಟಳು.

ಈಗ ಬೀಜ ಮೂರು ಕಡೆ: ಮನೆಯ ಅಟ್ಟದ ಮೇಲೆ, ಹುಕ್ಕೇರಿಯಲ್ಲಿ, ನನ್ನ ಬೆಂಗಳೂರಿನ ಫ್ರಿಜ್‌ನಲ್ಲಿ. ನಮ್ಮ ಭಾಷೆಯಲ್ಲಿ ಬ್ಯಾಕಪ್! ಅಕ್ಕನೂ ಕೇಳ್ತಾಳೆ. ಆದರೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಅಲ್ಲಿಗೆ ಬೀಜ ಕಳಿಸೋ ಹಾಗಿಲ್ಲ. ಸದ್ಯಕ್ಕೆ ಅಲ್ಲೇ ಕೊಂಡ ಮೆಂತೆ ಬೆಳೀತಿದ್ದಾಳೆ. ಅವ್ವ ಕಾಲ್‌ನಲ್ಲೇ, ‘ದಟ್ಟ ಚೆಲ್ಲೀ, ಒಂದೀಟು ಕೀಳು’ ಅಂತ ಬೈತಾಳೆ.