ಅರಿವಳಿಕೆ ಇಳಿದ ಮೇಲೆ ಬೆಕ್ಕಿನ ಕಣ್ಣು ನೋಡಿ

ಹಲ್ಲಿನ ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದ ಬೆಕ್ಕು ತೂರಾಡುತ್ತದೆ, ಮಂಚದ ಕಾಲಿಗೆ ತಾಗುತ್ತದೆ, ಮೂಲೆ ಹಿಡಿದು ಕೂರುತ್ತದೆ. ಅರಿವಳಿಕೆಯ ಮತ್ತು ಇನ್ನೂ ಇಳಿದಿಲ್ಲ, ಬೆಳಗಾಗುವಷ್ಟರಲ್ಲಿ ಸರಿಹೋದೀತು ಎಂದು ಮನೆಯವರು ಸುಮ್ಮನಾಗುತ್ತಾರೆ. ಬಹುಪಾಲು ಸಲ ಅದು ನಿಜವೂ ಹೌದು. ಆದರೆ ಬೆಳಿಗ್ಗೆಯೂ ಅದು ಗೋಡೆ ಹಿಡಿದೇ ನಡೆಯುತ್ತಿದ್ದರೆ, ವಾಸನೆ ಹಿಡಿದು ಬಂದು ತಟ್ಟೆಯನ್ನೇ ತುಳಿದರೆ, ಕಣ್ಣು ಕಾಣುತ್ತಿಲ್ಲವೇನೋ ಎಂದು ಅನುಮಾನಿಸಬೇಕು.

ಲಂಡನ್ನಿನ ವಾಯವ್ಯಕ್ಕೆ, ಬ್ರೆಂಟ್ ಮತ್ತು ಹ್ಯಾರೋ ಎಂಬ ಎರಡು ಬರೋಗಳಿಗೂ ಹಂಚಿಹೋದ ಬಡಾವಣೆ ಕೆಂಟನ್. ಇಲ್ಲಿ ಗುಜರಾತಿಗಳು ಬಹಳ. ಅವರ ನಡುವೆ ನಮ್ಮಂಥ ಕನ್ನಡದ ಮನೆಗಳೂ ಇವೆ. ಈ ಮನೆಗಳಲ್ಲಿ ಬೆಕ್ಕನ್ನು ಆಸ್ಪತ್ರೆಗೆ ಒಯ್ಯುವವರು ಒಬ್ಬರು, ಆಮೇಲೆ ಅದರ ಪಕ್ಕ ಕೂರುವವರು ಇನ್ನೊಬ್ಬರು. ಮಗನೋ ಸೊಸೆಯೋ ಸಂಜೆ ಅದನ್ನು ಕರೆತಂದು, ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸುತ್ತಾರೆ. ಮರುದಿನ ಅವರು ಟ್ಯೂಬ್ ಹತ್ತಿದ ಮೇಲೆ ಬೆಕ್ಕಿನ ಜೊತೆ ಉಳಿಯುವವರು ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಕೆಲವು ತಿಂಗಳ ಮಟ್ಟಿಗೆ ಬಂದಿರುವ ಅಮ್ಮ. ಏನನ್ನು ಗಮನಿಸಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇದನ್ನು ಬರೆಯುತ್ತಿರುವುದು ಹೆಚ್ಚಾಗಿ ಅವರಿಗಾಗಿ.

ಸಾಮಾನ್ಯವಾಗಿ ಕಾಣುವ ತೊಂದರೆ ಕಣ್ಣು ಒಣಗುವುದು. ಅರಿವಳಿಕೆಯಲ್ಲಿ ಬೆಕ್ಕು ರೆಪ್ಪೆ ಬಡಿಯುವುದಿಲ್ಲ, ಕಣ್ಣೀರು ಒಸರುವುದೂ ತಗ್ಗುತ್ತದೆ. ಕೆಟಮಿನ್ ಎಂಬ ಅರಿವಳಿಕೆ ಮದ್ದು ಕೊಟ್ಟಾಗಲಂತೂ ಕಣ್ಣು ತೆರೆದೇ ಇರುತ್ತದೆ. ಹಾಗೆಯೇ ಬಿಟ್ಟರೆ ಕಾರ್ನಿಯಾ ಒಣಗಿ ಹುಣ್ಣಾಗಬಹುದು. ಅದಕ್ಕೆಂದೇ ಕಣ್ಣಿಗೆ ಜಾರು ಮುಲಾಮು ಹಚ್ಚುತ್ತಾರೆ. ಚಿಕಿತ್ಸೆ ದೀರ್ಘವಾದರೆ ಮತ್ತೆ ಮತ್ತೆ ಹಚ್ಚಬೇಕು. ಮನೆಗೆ ಬಂದ ಬೆಕ್ಕು ಒಂದು ಕಣ್ಣನ್ನು ಕಿರಿದು ಮಾಡಿ ನೀರು ಸುರಿಸುತ್ತಿದ್ದರೆ, ಪಂಜದಿಂದ ಉಜ್ಜಿಕೊಳ್ಳುತ್ತಿದ್ದರೆ, ಅಂದೇ ತೋರಿಸಿ. ಫ್ಲೋರೆಸಿನ್ ಬಣ್ಣ ಹಾಕಿ ನೋಡಿದರೆ ಹುಣ್ಣು ಹಸಿರಾಗಿ ಹೊಳೆಯುತ್ತದೆ. ಮೇಲ್ಪದರದ್ದಾದರೆ ಸಾಮಾನ್ಯವಾಗಿ ವಾರದೊಳಗೆ ಮಾಯುತ್ತದೆ. ಊರಿಂದ ಸೂಟ್‌ಕೇಸಿನಲ್ಲಿ ತಂದಿಟ್ಟ ಸ್ಟೆರಾಯ್ಡ್ ಡ್ರಾಪ್ಸ್ ಮಾತ್ರ ಬೇಡವೇ ಬೇಡ. ಹುಣ್ಣಿರುವ ಕಣ್ಣಿಗೆ ಅದು ಬಿದ್ದರೆ ಗಾಯ ಆಳಕ್ಕಿಳಿದು ಕಣ್ಣೇ ತೂತಾಗಬಹುದು. ಕೆಲವು ದಿನ ಬಿಟ್ಟು ಸೀನಿನ ಜೊತೆಗೆ ಕಣ್ಣು ಕೆಂಪಾದರೆ ಕಾರಣ ಬೇರೆ ಇರಬಹುದು: ಮರಿಯಾಗಿದ್ದಾಗ ತಗುಲಿ ನರದಲ್ಲಿ ಅಡಗಿದ್ದ ಹರ್ಪಿಸ್ ವೈರಸ್ ಆಸ್ಪತ್ರೆಯ ಒತ್ತಡಕ್ಕೆ ಮತ್ತೆ ತಲೆಯೆತ್ತಿರುತ್ತದೆ.

ದೃಷ್ಟಿಯೇ ಹೋಗುವುದು ಅಪರೂಪ. ಆದರೆ ಅದರ ಕಾರಣ ತಿಳಿದ ಮೇಲೆ ಸುಮ್ಮನಿರುವುದು ಕಷ್ಟ. ನಾಯಿಯ ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಕುತ್ತಿಗೆಯ ಒಳ ಕ್ಯಾರೊಟಿಡ್ ಅಪಧಮನಿಯೂ ಒಂದು. ಆದರೆ ಬೆಕ್ಕು ಬೆಳೆದಂತೆ ಅದರಲ್ಲಿ ಆ ನಾಳ ತಲೆಬುರುಡೆಯ ಹೊರಗಿನ ಭಾಗದಲ್ಲಿ ಮುಚ್ಚಿಹೋಗುತ್ತದೆ. ಅದರ ಮಿದುಳಿಗೂ ರೆಟಿನಾಗೂ ಮುಖ್ಯ ಆಧಾರವಾಗಿ ಉಳಿಯುವುದು ಮ್ಯಾಕ್ಸಿಲರಿ ಅಪಧಮನಿ. ಇದು ಕೆಳದವಡೆಯ ಹಿಂಬದಿಯ ಮೂಲೆಗೆ ತೀರ ಹತ್ತಿರದಲ್ಲಿ ಹಾದುಹೋಗುತ್ತದೆ. ಬಾಯಿಯನ್ನು ಪೂರ್ತಿ ಅಗಲಿಸಿದಾಗ ದವಡೆಯ ಆ ಮೂಲೆಗೂ ಕಿವಿಯ ಬುಡದ ಎಲುಬಿಗೂ ನಡುವೆ ನಾಳ ಸಿಕ್ಕಿಕೊಂಡು ಅಮುಕಿಹೋಗಬಹುದು. ಎಚ್ಚರವಿರುವ ಬೆಕ್ಕು ಆಕಳಿಸಿದರೆ ಮರುಕ್ಷಣ ಬಾಯಿ ಮುಚ್ಚುತ್ತದೆ. ಮತ್ತಿನಲ್ಲಿರುವ ಬೆಕ್ಕಿನ ಕೋರೆಹಲ್ಲುಗಳ ನಡುವೆ ಬಾಯಿ ತೆರೆದಿಡುವ ಸ್ಪ್ರಿಂಗಿನ ಸಾಧನ, ಅಂದರೆ ಮೌತ್ ಗ್ಯಾಗ್, ಇಟ್ಟರೆ, ತೆಗೆಯುವವರೆಗೂ ಅದು ಹೊರಕ್ಕೆ ಒತ್ತುತ್ತಲೇ ಇರುತ್ತದೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವೈದ್ಯರು ಅರಿವಳಿಕೆಯ ನಂತರ ಕುರುಡಾದ 20 ಬೆಕ್ಕುಗಳ ದಾಖಲೆ ಕಲೆಹಾಕಿ 2012ರಲ್ಲಿ ಪ್ರಕಟಿಸಿದರು. ಹೆಚ್ಚಿನವು ಹಲ್ಲಿನ ಚಿಕಿತ್ಸೆಗೋ ಎಂಡೋಸ್ಕೋಪಿಗೋ ಬಂದವು. 16ರಲ್ಲಿ ಗ್ಯಾಗ್ ಬಳಕೆಯಾಗಿತ್ತು. ಮೂರರಲ್ಲಿ ನಡುವೆ ಹೃದಯ ನಿಂತಿತ್ತು. ಮರುವರ್ಷ ರಾಯಲ್ ವೆಟರ್ನರಿ ಕಾಲೇಜಿನ ವೈದ್ಯರು, ಗಂಟಲು ಪರೀಕ್ಷೆಗೆಂದು ಗ್ಯಾಗ್ ಹಾಕಿದ ಬೆಕ್ಕೊಂದರ ಮಿದುಳಿಗೆ ಆಮ್ಲಜನಕ ಕಡಿಮೆಯಾದದ್ದನ್ನು ವರದಿ ಮಾಡಿದರು. ಆ ಕಾಲೇಜು 1791ರಲ್ಲಿ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಶುರುವಾದದ್ದು. ಅದರ ದೊಡ್ಡ ಆಸ್ಪತ್ರೆ ಇರುವುದು ಹರ್ಟ್‌ಫರ್ಡ್‌ಶೈರ್‌ನಲ್ಲಿ, ಕೆಂಟನ್‌ನಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿ. ಮುಂದಿನ ಅಧ್ಯಯನಗಳು, ಬಾಯಿ ಪೂರ್ತಿ ತೆರೆದಾಗ ಕೆಲವು ಬೆಕ್ಕುಗಳಲ್ಲಿ ರಕ್ತದ ಹರಿವು ಕುಗ್ಗುವುದನ್ನು ಸ್ಕ್ಯಾನ್‌ಗಳಲ್ಲೇ ತೋರಿಸಿದವು.

ಸ್ಪ್ರಿಂಗಿನ ಗ್ಯಾಗ್ ಬೆಕ್ಕಿನ ಬಾಯಿಗೆ ಹೋಗಲೇಬಾರದು ಎಂಬುದು ನನ್ನ ಗಟ್ಟಿ ನಿಲುವು. ಬಾಯಿ ತೆರೆದಿಡಲೇಬೇಕಾದಾಗ ಸೂಜಿಯ ಪ್ಲಾಸ್ಟಿಕ್ ಮುಚ್ಚಳವನ್ನು ಗಿಡ್ಡವಾಗಿ ಕತ್ತರಿಸಿ ಹಲ್ಲುಗಳ ನಡುವೆ ಇಟ್ಟು, ನಡುನಡುವೆ ತೆಗೆದು ಕೆಲಸ ಮಾಡುವ ವೈದ್ಯರಿದ್ದಾರೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ: ಬಾಯಿಯನ್ನು ಹೇಗೆ ತೆರೆದಿಡುತ್ತೀರಿ, ಕಣ್ಣಿಗೆ ಏನು ಹಚ್ಚುತ್ತೀರಿ? ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಮೇಲ್ದವಡೆಯ ಹಿಂದಿನ ಹಲ್ಲು ಕೀಳಿಸುವುದಿದ್ದರೆ ಇನ್ನೊಂದು ಎಚ್ಚರ. ಬೆಕ್ಕಿನ ಕಣ್ಣುಗುಳಿಗೆ ಗಟ್ಟಿ ಎಲುಬಿನ ತಳವಿಲ್ಲ; ಉಪಕರಣವೋ ಸೂಜಿಯೋ ಜಾರಿದರೆ ಕಣ್ಣಿಗೇ ಚುಚ್ಚಬಹುದು.

ಇಷ್ಟು ಓದಿ ಅರಿವಳಿಕೆಯೇ ಬೇಡ ಎನ್ನಬೇಡಿ. 2002ರಿಂದ 2004ರವರೆಗೆ ಬ್ರಿಟನ್ನಿನಲ್ಲಿ 79,178 ಬೆಕ್ಕುಗಳನ್ನು ಗಮನಿಸಿದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಯ ಸುತ್ತಮುತ್ತ ಸತ್ತವು ಶೇ 0.24 ಮಾತ್ರ, ಅವುಗಳಲ್ಲೂ ಹೆಚ್ಚಿನವು ಸತ್ತದ್ದು ಚಿಕಿತ್ಸೆ ಮುಗಿದ ಮೇಲೆ. ಕೊಳೆತ ಹಲ್ಲಿನ ನೋವು ಸಹಿಸಿಕೊಂಡು ಬದುಕುವುದು ಬೆಕ್ಕಿಗೆ ಸಣ್ಣ ಶಿಕ್ಷೆಯಲ್ಲ.

ಎಲ್ಲ ಕುರುಡಿಗೂ ಅರಿವಳಿಕೆಯೇ ಕಾರಣವಲ್ಲ. ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಮಿತಿ ಮೀರಿದರೆ ಬೆಕ್ಕಿನ ರೆಟಿನಾ ಹಾಳಾಗುತ್ತದೆ, ಅದೂ ಹಲವೊಮ್ಮೆ ಶಾಶ್ವತವಾಗಿ. ದೇಹತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರಕೂಡದು. ನಾಯಿಗೆಂದು ಬರೆದುಕೊಟ್ಟು ಮಿಕ್ಕ ಮಾತ್ರೆಯನ್ನು ಬೆಕ್ಕಿಗೆ ಮುರಿದು ಹಾಕುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಬಿಡಬೇಕು.

ಮನೆಯಲ್ಲೇ ಪರೀಕ್ಷಿಸಲು ಹತ್ತಿಯುಂಡೆ ಸಾಕು. ಬೆಕ್ಕಿನ ಮುಂದೆ ಮೇಲಿನಿಂದ ಬಿಡಿ. ಸದ್ದಾಗದ್ದರಿಂದ ಕಣ್ಣು ಕಾಣುವ ಬೆಕ್ಕು ಮಾತ್ರ ಅದರ ಹಿಂದೆ ದೃಷ್ಟಿ ಹೊರಳಿಸುತ್ತದೆ. ಟಾರ್ಚಿನ ಬೆಳಕಿಗೆ ಪಾಪೆ ಕಿರಿದಾಯಿತೆಂದು ನೆಮ್ಮದಿಪಡಬೇಡಿ. ಪೆಟ್ಟು ಮಿದುಳಿನ ಹೊರಪದರಕ್ಕೆ ಬಿದ್ದಿದ್ದರೆ ಪಾಪೆ ಸರಿಯಾಗಿಯೇ ಕೆಲಸ ಮಾಡುತ್ತದೆ, ನೋಟ ಮಾತ್ರ ಇರುವುದಿಲ್ಲ. ಅನುಮಾನ ಬಂದರೆ ರಾತ್ರಿಯಾದರೂ ಫೋನ್ ಮಾಡಿ. ಬ್ರಿಟನ್ನಿನ ಪಶುವೈದ್ಯರು 24 ಗಂಟೆಯೂ ತುರ್ತು ನೆರವಿನ ಏರ್ಪಾಡು ಮಾಡಿರಲೇಬೇಕು. ಕ್ಲಿನಿಕ್ ಮುಚ್ಚಿದ್ದರೂ ಯಾರನ್ನು ಸಂಪರ್ಕಿಸಬೇಕೆಂದು ತಿಳಿಸಬೇಕು.

ಪರ್ಡ್ಯೂ ದಾಖಲೆಯ 20 ಬೆಕ್ಕುಗಳಲ್ಲಿ 14ಕ್ಕೆ ದೃಷ್ಟಿ ಮರಳಿತು. ಹಾಗೆ ಕಾಯುವ ದಿನಗಳಲ್ಲಿ ಅಮ್ಮ ಮಾಡಬಹುದಾದ ಕೆಲಸ ಬಹಳ ಇದೆ. ಕುರ್ಚಿ, ತಟ್ಟೆ, ಮಲದ ಟ್ರೇ ಯಾವುದನ್ನೂ ಜಾಗ ಬದಲಿಸಬಾರದು. ಮೆಟ್ಟಿಲಿಗೆ ಅಡ್ಡ ಇಡಬೇಕು. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು. ಎತ್ತಿಕೊಂಡರೆ ಎಲ್ಲೆಂದರಲ್ಲಿ ಬಿಡದೆ ಊಟದ ತಟ್ಟೆಯ ಹತ್ತಿರವೇ ಇಳಿಸಬೇಕು. ಅಲ್ಲಿಂದ ಮುಂದಿನ ದಾರಿಯನ್ನು ಅದು ಮೀಸೆಯಿಂದ ಹುಡುಕಿಕೊಳ್ಳುತ್ತದೆ.